ಹತ್ತು ಎಣಿಸುವಷ್ಟರಲ್ಲಿ

1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಥಾಣೆಗೆ ಹೊರಟ ರೈಲಿನ ಕತೆ ಮುಂಬಯಿ ಸೀಮೆಯ ಶಾಲೆಮಕ್ಕಳಿಗೂ ಬಾಯಿಪಾಠ. ಮೂರು ಎಂಜಿನ್, ಹದಿನಾಲ್ಕು ಬೋಗಿ, ಸುಮಾರು 400 ಅತಿಥಿಗಳು, 34 ಕಿಲೋಮೀಟರ್ ದಾರಿ. ಮರುವರ್ಷ ಮೇ 1ರ ಹೊತ್ತಿಗೆ ಹಳಿ ಥಾಣೆಯ ಖಾಡಿಯನ್ನು ದಾಟಿ ಕಲ್ಯಾಣ ಮುಟ್ಟಿತು. ಅಲ್ಲಿಂದ ಅದು ಎರಡಾಗಿ ಒಡೆಯಿತು. ಒಂದು ಥಳ ಘಾಟ್ ಹತ್ತಿ ಇಗತ್‌ಪುರಿ, ಭುಸಾವಳದ ಕಡೆಗೆ. ಇನ್ನೊಂದು ಭೋರ್ ಘಾಟ್ ಹತ್ತಿ ಪುಣೆ, ಸೊಲ್ಲಾಪುರ, ಕಲಬುರಗಿಯ ಕಡೆಗೆ. 1871ರಲ್ಲಿ ಈ ಎರಡನೆಯ ಹಳಿ ರಾಯಚೂರಿನಲ್ಲಿ ಮದರಾಸಿನ ಹಳಿಯನ್ನು ಕೂಡಿಕೊಂಡಿತು.

ಅದೇ ಕಾಲದ ಇಂಗ್ಲೆಂಡಿನಲ್ಲಿ ರೈಲಿಗೆ ಇನ್ನೊಂದು ಉಪಯೋಗವೂ ಇತ್ತು. ಥಾಣೆಯ ರೈಲು ಹೊರಟು ಏಳು ವರ್ಷ ಒಂದು ದಿನ ಕಳೆದಿತ್ತು. 1860ರ ಏಪ್ರಿಲ್ 17ರ ಬೆಳಗಿನ ಜಾವ ಲಂಡನ್ ಬ್ರಿಡ್ಜ್ ನಿಲ್ದಾಣದಲ್ಲಿ ಜನ ವಿಶೇಷ ರೈಲು ಹತ್ತಿ ಕೂತರು. ಎಲ್ಲಿಗೆ ಹೋಗುತ್ತಿದ್ದೇವೆಂದು ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ ಪೊಲೀಸರು ಮೊದಲೇ ಅಲ್ಲಿರುತ್ತಿದ್ದರು. ರೈಲು ಫಾರ್ನ್‌ಬರೋ ಎಂಬ ಊರಿನ ಬಳಿ ನಿಂತಿತು. ಬಯಲಲ್ಲಿ ಹಗ್ಗ ಕಟ್ಟಿದ ಚೌಕ. ಅದರೊಳಗೆ ಇಂಗ್ಲೆಂಡಿನ ಟಾಮ್ ಸೇಯರ್ಸ್ ಮತ್ತು ಅಮೆರಿಕದ ಜಾನ್ ಹೀನನ್ ಬರಿಗೈಯಲ್ಲಿ ಗುದ್ದಾಡಿದರು. 42 ಸುತ್ತು, ಎರಡು ತಾಸಿಗೂ ಹೆಚ್ಚು. ಸೇಯರ್ಸ್‌ನ ಬಲಗೈ ಆರಂಭದಲ್ಲೇ ಕೆಲಸಕ್ಕೆ ಬಾರದಾಯಿತು. ಹೀನನ್‌ನ ಕಣ್ಣುಗಳು ಬಾತು ಮುಚ್ಚಿದವು. ಕೊನೆಗೆ ಜನ ನುಗ್ಗಿ, ಹಗ್ಗ ಕಡಿದು, ಪೊಲೀಸರು ಬಂದು ಆಟ ಕೆಟ್ಟಿತು. ಗೆದ್ದವರು ಯಾರೆಂದು ತೀರ್ಮಾನವಾಗಲಿಲ್ಲ.

ಆ ದಿನ ಬಯಲಲ್ಲಿ ಸೇರಿದ್ದವರಲ್ಲಿ ಸಿರಿವಂತರಿದ್ದರು, ಜೇಬುಗಳ್ಳರಿದ್ದರು, ಪತ್ರಕರ್ತರಿದ್ದರು. ಇಲ್ಲದಿದ್ದವನು ಒಬ್ಬನೇ: ಸಾಕು ನಿಲ್ಲಿಸಿ ಎಂದು ಹೇಳುವ, ಹೇಳಿದರೆ ಎಲ್ಲರೂ ಕೇಳುವ ಮನುಷ್ಯ. ಬಾಕ್ಸಿಂಗಿನ ಮೂರು ಶತಮಾನಗಳ ಚರಿತ್ರೆಯೆಂದರೆ ಬಹುಮಟ್ಟಿಗೆ ಆ ಮನುಷ್ಯನನ್ನು ಹುಡುಕಿದ ಚರಿತ್ರೆ.

ಎರಡು ಕಲ್ಯಾಣ, ಒಂದು ಜಟ್ಟಿ

ಗುದ್ದಾಟ ನಮಗೆ ಹೊಸದಲ್ಲ. ಬಾಲಿಯೂ ಸುಗ್ರೀವನೂ ಮುಷ್ಟಿಯಲ್ಲಿ ಬಡಿದಾಡಿದ್ದನ್ನು ತಾಳಮದ್ದಳೆಯಲ್ಲಿ ಕೇಳದವರಿಲ್ಲ. ಕಂಸನ ಆಸ್ಥಾನದ ಮಲ್ಲರಲ್ಲಿ ಒಬ್ಬನ ಹೆಸರೇ ಮುಷ್ಟಿಕ. ಅವನನ್ನು ಕೊಂದವನು ಬಲರಾಮ.

ಪುರಾಣ ಬಿಟ್ಟು ಚರಿತ್ರೆಗೆ ಬಂದರೆ ಮೊದಲು ಸಿಗುವುದು ಇನ್ನೊಂದು ಕಲ್ಯಾಣ. ಥಾಣೆ ಜಿಲ್ಲೆಯದಲ್ಲ, ಬೀದರ ಜಿಲ್ಲೆಯ ಇಂದಿನ ಬಸವಕಲ್ಯಾಣ. ಅಲ್ಲಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದಕ್ಕೆಂದೇ ಒಂದು ಭಾಗವಿದೆ. ಮಲ್ಲರನ್ನು ಹೇಗೆ ದರ್ಜೆಗೆ ಸೇರಿಸಬೇಕು, ಏನು ಉಣಿಸಬೇಕು, ಹೇಗೆ ತಾಲೀಮು ಮಾಡಿಸಬೇಕು ಎಂಬ ವಿವರವೆಲ್ಲ ಅಲ್ಲಿದೆ. ಮೇಲಿನ ದರ್ಜೆಯ ಮಲ್ಲನಿಗೆ ಆ ಗ್ರಂಥ ಕೊಡುವ ಹೆಸರು ಜ್ಯೇಷ್ಠಿಕ. ನಮ್ಮ 'ಜಟ್ಟಿ' ಎಂಬ ಮಾತಿನ ಬೇರನ್ನು ವಿದ್ವಾಂಸರು ಇಲ್ಲೇ ಕಾಣುತ್ತಾರೆ.

ವಿಜಯನಗರಕ್ಕೆ 16ನೇ ಶತಮಾನದಲ್ಲಿ ಬಂದ ಪೋರ್ಚುಗೀಸರಿಬ್ಬರು, ಡೊಮಿಂಗೊ ಪಾಯೆಸ್ ಮತ್ತು ಫೆರ್ನಾವೊ ನೂನಿಜ್, ಮಹಾನವಮಿಯ ಜಟ್ಟಿಗಳನ್ನು ನೋಡಿ ಬೆರಗಾದರು. ಇದು ತಮ್ಮ ನಾಡಿನ ಕುಸ್ತಿಯಂಥದಲ್ಲ, ಹಲ್ಲು ಮುರಿಯುವ, ಕಣ್ಣು ಹೋಗುವ, ಮುಖ ವಿಕಾರವಾಗುವ ಹೊಡೆತದ ಆಟ ಎಂದು ಪಾಯೆಸ್ ಬರೆದ. ಮುಳ್ಳುಗಳಿರುವ ಬಳೆಯಂಥ ಸಾಧನವನ್ನು ಕೈಯಲ್ಲಿ ಹಿಡಿದು ಹೊಡೆಯುತ್ತಾರೆ ಎಂದು ನೂನಿಜ್ ಬರೆದ.

ಆ ಸಾಧನ ಇಂದಿಗೂ ಇದೆ. ಅದರ ಹೆಸರು ವಜ್ರಮುಷ್ಟಿ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ದಸರೆಯನ್ನು ಮುಂದುವರಿಸಿದರು. ವಿಜಯನಗರದ ವಿಧಿಗಳೊಡನೆ ಜಟ್ಟಿಗಳೂ ಮೈಸೂರಿನ ಅರಮನೆಯ ಭಾಗವಾದರು. ಈಗಲೂ ವಿಜಯದಶಮಿಯ ಬೆಳಿಗ್ಗೆ ಅರಮನೆಯಲ್ಲಿ ಎರಡು ಜೋಡಿ ಜಟ್ಟಿಗಳು ಮಣ್ಣಿನ ಕಣಕ್ಕೆ ಇಳಿಯುತ್ತಾರೆ. ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರದ ಜಟ್ಟಿ ಮನೆತನದವರು ಇವರು. ತಲೆ ಬೋಳಿಸಿಕೊಂಡು, ಮುಷ್ಟಿಗೆ ವಜ್ರಮುಷ್ಟಿ ಬಿಗಿದುಕೊಂಡು, ಒಬ್ಬರ ತಲೆಗೆ ಇನ್ನೊಬ್ಬರು ಗುರಿಯಿಡುತ್ತಾರೆ. ಪಕ್ಕದಲ್ಲಿ ಉಸ್ತಾದರು ನಿಂತಿರುತ್ತಾರೆ. ಯಾರದೋ ತಲೆಯಲ್ಲಿ ನೆತ್ತರು ಕಂಡಿತೋ, ಕಾಳಗ ಮುಗಿಯಿತು. ಕೆಲವೊಮ್ಮೆ ಒಂದು ನಿಮಿಷವೂ ಹಿಡಿಯದು. ಆಮೇಲೆ ಬನ್ನಿ ಪೂಜೆ, ಜಂಬೂಸವಾರಿ.

ದೂರದಿಂದ ನೋಡಿದವರಿಗೆ ಇದು ಕ್ರೂರ ಎನಿಸಬಹುದು. ಅದರ ನಿಯಮವನ್ನು ಮಾತ್ರ ಗಮನಿಸಬೇಕು. ಲೋಹವೋ ಕೊಂಬೋ ಕೈಯಲ್ಲಿದೆ, ಏಟು ತಲೆಗೇ ಬೀಳುತ್ತದೆ. ಆದರೆ ಮೊದಲ ಹನಿ ಬಿದ್ದೊಡನೆ ಎಲ್ಲವೂ ನಿಲ್ಲಬೇಕು. ಯಾರೂ ಯಾರನ್ನೂ ಬೀಳಿಸಬೇಕಿಲ್ಲ. ಫಾರ್ನ್‌ಬರೋದ ಬಯಲಲ್ಲಿ ನೆತ್ತರು ಕಂಡಾಗ ಆಟ ರಂಗೇರಿತು. ಮೈಸೂರಿನ ತೊಟ್ಟಿಯಲ್ಲಿ ನೆತ್ತರು ಕಂಡಾಗ ಆಟ ಮುಗಿಯುತ್ತದೆ.

ಒಂದು ಸಾವು, ಕೆಲವು ನಿಯಮ

ಪಶ್ಚಿಮದ ಮುಷ್ಟಿಯುದ್ಧದ ಮೂಲ ಗ್ರೀಸ್. ಕ್ರಿ.ಪೂ. 688ರಲ್ಲಿ ಅದು ಒಲಿಂಪಿಕ್ಸ್ ಸೇರಿತು. ಸುತ್ತುಗಳಿರಲಿಲ್ಲ, ತೂಕದ ವರ್ಗಗಳಿರಲಿಲ್ಲ. ಸೋತೆ ಎನ್ನುವವನು ಬೆರಳೆತ್ತಬೇಕಿತ್ತು. ಕ್ರಿ.ಪೂ. 492ರ ಪಂದ್ಯದಲ್ಲಿ ಕ್ಲಿಯೊಮಿಡೀಸ್ ಎಂಬವನು ಎದುರಾಳಿಯನ್ನು ಕೊಂದಾಗ ತೀರ್ಪುಗಾರರು ಅವನಿಗೆ ಗೆಲುವನ್ನು ನಿರಾಕರಿಸಿದರು. ಎಷ್ಟು ಹೊಡೆದರೆ ಅತಿಯಾಯಿತು ಎಂಬ ಪ್ರಶ್ನೆ ಅಷ್ಟು ಹಳೆಯದು.

18ನೇ ಶತಮಾನದ ಲಂಡನ್ನಿನಲ್ಲಿ ಆ ಪ್ರಶ್ನೆ ಮತ್ತೆ ಎದ್ದಿತು. 1719ರಲ್ಲಿ ಜೇಮ್ಸ್ ಫಿಗ್ ಎಂಬವನನ್ನು ಇಂಗ್ಲೆಂಡಿನ ಚಾಂಪಿಯನ್ ಎಂದು ಕರೆಯತೊಡಗಿದರು. ಅವನ ನಂತರ ಹೆಸರಾದವನು ಜ್ಯಾಕ್ ಬ್ರೌಟನ್. 1741ರಲ್ಲಿ ಅವನೊಡನೆ ಹೋರಾಡಿದ ಜಾರ್ಜ್ ಸ್ಟೀವನ್‌ಸನ್ ಪೆಟ್ಟಿನಿಂದ ಚೇತರಿಸಿಕೊಳ್ಳದೆ ಸತ್ತ ಎಂಬುದು ಬಾಕ್ಸಿಂಗ್ ಚರಿತ್ರೆ ಹೇಳಿಕೊಂಡು ಬಂದ ಸಂಗತಿ. ಎರಡು ವರ್ಷದ ಬಳಿಕ, 1743ರಲ್ಲಿ, ಬ್ರೌಟನ್ ತನ್ನ ಅಖಾಡಕ್ಕೆ ನಿಯಮಗಳನ್ನು ಬರೆದ. ಬಿದ್ದವನನ್ನು ಹೊಡೆಯಬಾರದು. ಸೊಂಟದ ಕೆಳಗೆ ಹಿಡಿಯಬಾರದು. ಬಿದ್ದವನಿಗೆ ಎದ್ದು ನಿಲ್ಲಲು ಅರ್ಧ ನಿಮಿಷ ಕೊಡಬೇಕು. ತಾಲೀಮಿಗೆ ಬರುವ ಸಿರಿವಂತರ ಮುಖ ಕೆಡದಿರಲೆಂದು ಮೆತ್ತನೆಯ ಗವಸನ್ನೂ ಅವನೇ ಬಳಕೆಗೆ ತಂದ.

ಆ ಅರ್ಧ ನಿಮಿಷದಿಂದ ಒಳಿತೂ ಆಯಿತು, ಕೆಡುಕೂ ಆಯಿತು. ಬಿದ್ದವನು ಉಸಿರು ಹಿಡಿದುಕೊಳ್ಳುತ್ತಿದ್ದ ನಿಜ. ಹಾಗೆಯೇ ಅವನನ್ನು ಎತ್ತಿ ನಿಲ್ಲಿಸಿ ಮತ್ತೆ ಏಟಿಗೆ ಒಡ್ಡಲು ಅವನ ಕಡೆಯವರಿಗೂ ಕಾಲ ಸಿಗುತ್ತಿತ್ತು. ಸುತ್ತಿಗೆ ಗಡಿಯಾರದ ಲೆಕ್ಕವಿರಲಿಲ್ಲ; ಒಬ್ಬ ಬಿದ್ದರೆ ಒಂದು ಸುತ್ತು ಮುಗಿದಂತೆ. ಹೀಗಾಗಿ 40, 50, 70 ಸುತ್ತುಗಳ ಕಾದಾಟ ನಡೆಯುತ್ತಿತ್ತು. ಪಂದ್ಯದ ಮೇಲೆ ಜೂಜು ಕಟ್ಟಿದವರಿಗೆ ತಮ್ಮವನು ಎಷ್ಟು ಹೊತ್ತು ನಿಂತರೂ ಸಾಲದು.

ಈ ಕಾಲದಲ್ಲೂ ಬುದ್ಧಿಯಿಂದ ಗೆದ್ದವರಿದ್ದರು. ಲಂಡನ್ನಿನ ಯಹೂದಿ ಡೇನಿಯಲ್ ಮೆಂಡೋಜಾ ಎತ್ತರದಲ್ಲೂ ತೂಕದಲ್ಲೂ ಎದುರಾಳಿಗಳಿಗಿಂತ ಸಣ್ಣವನು. ಏಟು ತಪ್ಪಿಸಿಕೊಳ್ಳುವುದು, ಪಕ್ಕಕ್ಕೆ ಸರಿಯುವುದು, ಎಡಗೈಯನ್ನು ಮುಂದಿಟ್ಟುಕೊಳ್ಳುವುದು ಇವನ್ನೆಲ್ಲ ಒಂದು ವಿದ್ಯೆಯಾಗಿ ಕಲಿಸಿದವನು ಅವನು. 1790ರ ದಶಕದಲ್ಲಿ ಚಾಂಪಿಯನ್ ಆದ. ನಿಂದೆಗೆ ಗುರಿಯಾಗಿದ್ದ ಸಮುದಾಯಕ್ಕೆ ಅವನಿಂದ ಬೀದಿಯಲ್ಲಿ ತಲೆಯೆತ್ತಿ ನಡೆಯುವ ಧೈರ್ಯ ಬಂತು. ಮುಂದೆ ಐರಿಷರಿಗೆ, ಇಟಾಲಿಯನ್ನರಿಗೆ, ಕರಿಯರಿಗೆ, ಭಿವಾನಿಯ ಜಾಟರಿಗೆ, ಮಣಿಪುರದ ಹೆಣ್ಣುಮಕ್ಕಳಿಗೆ ರಿಂಗು ಕೊಟ್ಟದ್ದೂ ಅದನ್ನೇ.

1867ರಲ್ಲಿ ಬಂದ ಕ್ವೀನ್ಸ್‌ಬೆರಿ ನಿಯಮಗಳು ಇಂದಿನ ಬಾಕ್ಸಿಂಗಿಗೆ ತಳಹದಿ. ಬರೆದವನು ವೇಲ್ಸ್‌ನ ಜಾನ್ ಗ್ರಹಾಂ ಚೇಂಬರ್ಸ್; ಹೆಸರು ಕೊಟ್ಟವನು ಕ್ವೀನ್ಸ್‌ಬೆರಿಯ ಮಾರ್ಕ್ವಿಸ್. ಮೂರು ನಿಮಿಷದ ಸುತ್ತು, ನಡುವೆ ಒಂದು ನಿಮಿಷದ ವಿರಾಮ. ಕೈಗೆ ಗವಸು ಕಡ್ಡಾಯ. ಹಿಡಿದು ಉರುಳಿಸುವಂತಿಲ್ಲ. ಬಿದ್ದವನು ಯಾರ ನೆರವೂ ಇಲ್ಲದೆ ಹತ್ತು ಸೆಕೆಂಡಿನೊಳಗೆ ಏಳಬೇಕು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಜಂಬಕ್ಕೆ ಇಲ್ಲಿ ಎಡೆಯಿಲ್ಲ. ಬಿದ್ದದ್ದು ಎಲ್ಲರೂ ನೋಡಿ ಎಣಿಸುವ ಸಂಗತಿ.

ಬರಿಗೈ ಯುಗದ ಕೊನೆಯ ದೊಡ್ಡವನು ಅಮೆರಿಕದ ಜಾನ್ ಎಲ್. ಸಲಿವನ್. 1889ರಲ್ಲಿ ಮಿಸಿಸಿಪ್ಪಿಯ ಸುಡು ಬಿಸಿಲಲ್ಲಿ ಜೇಕ್ ಕಿಲ್ರೇನ್ ಜೊತೆ 75 ಸುತ್ತು ಹೋರಾಡಿ ಗೆದ್ದ. ಮೂರು ವರ್ಷದ ಬಳಿಕ, 1892ರಲ್ಲಿ, ನ್ಯೂ ಆರ್ಲಿಯನ್ಸ್‌ನಲ್ಲಿ ಗವಸು ತೊಟ್ಟು, ಹೊಸ ನಿಯಮದ ಪ್ರಕಾರ ಜಿಮ್ ಕಾರ್ಬೆಟ್ ಎದುರು ನಿಂತ. ಬ್ಯಾಂಕ್ ಗುಮಾಸ್ತನಾಗಿದ್ದ ಕಾರ್ಬೆಟ್ ಕುಣಿದಾಡಿ, ತಪ್ಪಿಸಿಕೊಂಡು, ಸಲಿವನ್‌ನನ್ನು ದಣಿಸಿ 21ನೇ ಸುತ್ತಿನಲ್ಲಿ ಬೀಳಿಸಿದ.

ಚರ್ಮದ ಬಣ್ಣ

ಸಲಿವನ್ ಚಾಂಪಿಯನ್ ಆಗಿದ್ದಷ್ಟು ಕಾಲ ಕರಿಯರೊಡನೆ ಹೋರಾಡಲು ಒಪ್ಪಲಿಲ್ಲ. ಅವನ ನಂತರದವರೂ ಹೆವಿವೇಟ್ ಪಟ್ಟವನ್ನು ಬಿಳಿಯರ ಆಸ್ತಿಯೆಂದೇ ಕಾಪಾಡಿಕೊಂಡು ಬಂದರು. ಅದನ್ನು ಮುರಿದವನು ಟೆಕ್ಸಾಸ್‌ನ ಗ್ಯಾಲ್ವೆಸ್ಟನ್ ಬಂದರಿನ ಜ್ಯಾಕ್ ಜಾನ್ಸನ್, ಗುಲಾಮರಾಗಿದ್ದ ತಂದೆತಾಯಿಯ ಮಗ. 1908ರ ಡಿಸೆಂಬರ್ 26ರಂದು ಸಿಡ್ನಿಯಲ್ಲಿ ಟಾಮಿ ಬರ್ನ್ಸ್‌ನನ್ನು ಸೋಲಿಸಿದ. 14ನೇ ಸುತ್ತಿನಲ್ಲಿ ಪೊಲೀಸರೇ ಆಟ ನಿಲ್ಲಿಸಿದರು.

ಬಿಳಿಯರ ಮಾನ ಉಳಿಸಲೆಂದು ನಿವೃತ್ತನಾಗಿದ್ದ ಜಿಮ್ ಜೆಫ್ರೀಸ್‌ನನ್ನು ಮತ್ತೆ ಕರೆತಂದರು. 1910ರ ಜುಲೈ 4ರಂದು ರೀನೋ ಪಟ್ಟಣದಲ್ಲಿ ಅವನೂ ಸೋತ. ಅಂದು ರಾತ್ರಿ ಅಮೆರಿಕದ ಹತ್ತಾರು ಊರುಗಳಲ್ಲಿ ಗಲಭೆ ನಡೆದು ಜನ ಸತ್ತರು. ಸತ್ತವರಲ್ಲಿ ಹೆಚ್ಚಿನವರು ಕರಿಯರು. 1913ರಲ್ಲಿ ಜಾನ್ಸನ್ ಮೇಲೆ ಬಿಳಿಯ ಹೆಣ್ಣನ್ನು ರಾಜ್ಯದ ಗಡಿ ದಾಟಿಸಿದ ಎಂಬ ಮೊಕದ್ದಮೆ ಹೂಡಿ ಶಿಕ್ಷೆ ವಿಧಿಸಿದರು. ಆ ಶಿಕ್ಷೆಗೆ ಕ್ಷಮಾದಾನ ಸಿಕ್ಕಿದ್ದು 2018ರಲ್ಲಿ, ಅವನು ಸತ್ತು 72 ವರ್ಷವಾದ ಮೇಲೆ.

ಜೋ ಲೂಯಿಸ್ ಬೇರೆ ದಾರಿ ಹಿಡಿದ. ಗೆದ್ದಾಗ ಮೆರೆಯಬೇಡ, ನಗಬೇಡ ಎಂದು ಅವನ ಕಡೆಯವರು ಮೊದಲೇ ತಾಕೀತು ಮಾಡಿದ್ದರು. 1936ರಲ್ಲಿ ಜರ್ಮನಿಯ ಮ್ಯಾಕ್ಸ್ ಷ್ಮೆಲಿಂಗ್ ಎದುರು ಸೋತ. ಹಿಟ್ಲರನ ಸರ್ಕಾರ ಅದನ್ನು ತನ್ನ ಜನಾಂಗದ ಗೆಲುವೆಂದು ಸಾರಿತು. 1938ರ ಜೂನ್ 22ರಂದು ಅದೇ ಷ್ಮೆಲಿಂಗ್‌ನನ್ನು ಲೂಯಿಸ್ ಮೊದಲ ಸುತ್ತಿನಲ್ಲೇ, 124 ಸೆಕೆಂಡಿನಲ್ಲಿ ಮುಗಿಸಿದ. 1937ರಿಂದ 1949ರವರೆಗೆ ಪಟ್ಟ ಅವನ ಬಳಿಯೇ ಇತ್ತು, 25 ಬಾರಿ ಅದನ್ನು ಉಳಿಸಿಕೊಂಡ. ಕೊನೆಗಾಲಕ್ಕೆ ಮಾತ್ರ ತೆರಿಗೆಯ ಸಾಲದಲ್ಲಿ ಮುಳುಗಿ, ಲಾಸ್ ವೇಗಸ್‌ನ ಜೂಜುಗೃಹದಲ್ಲಿ ಬಂದವರ ಕೈಕುಲುಕುವ ಕೆಲಸ ಮಾಡಿದ. ಆಗ ನೆರವಿಗೆ ಬಂದವರಲ್ಲಿ ಷ್ಮೆಲಿಂಗ್ ಒಬ್ಬ.

ಮೂರನೆಯವನು ಮುಹಮ್ಮದ್ ಅಲಿ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಚಿನ್ನ, 1964ರಲ್ಲಿ ಸೋನಿ ಲಿಸ್ಟನ್ ವಿರುದ್ಧ ವಿಶ್ವ ಪಟ್ಟ. 1967ರಲ್ಲಿ ವಿಯೆಟ್ನಾಂ ಯುದ್ಧಕ್ಕೆ ಸೇನೆ ಸೇರಲು ನಿರಾಕರಿಸಿ ಪಟ್ಟವನ್ನೂ, ಪ್ರಾಯದ ಮೂರೂವರೆ ವರ್ಷಗಳನ್ನೂ ಕಳೆದುಕೊಂಡ. 1971ರಲ್ಲಿ ಸುಪ್ರೀಂ ಕೋರ್ಟ್ ಅವನ ಪರ ತೀರ್ಪು ಕೊಟ್ಟಿತು. 1974ರಲ್ಲಿ ಕಿನ್ಶಾಸಾದಲ್ಲಿ ಜಾರ್ಜ್ ಫೋರ್‌ಮನ್‌ನ ಹೊಡೆತಗಳನ್ನು ಹಗ್ಗಕ್ಕೆ ಒರಗಿ ನುಂಗಿಕೊಂಡು, ಎಂಟನೆಯ ಸುತ್ತಿನಲ್ಲಿ ದಣಿದ ಫೋರ್‌ಮನ್‌ನನ್ನು ಕೆಡವಿದ. ಆ ಜಾಣತನವನ್ನು ಜಗತ್ತು ಇಂದಿಗೂ ಹೊಗಳುತ್ತದೆ. ನುಂಗಿಕೊಂಡ ಹೊಡೆತಗಳು ಎಲ್ಲಿ ಹೋದವು ಎಂಬುದು ಹತ್ತು ವರ್ಷದ ಮೇಲೆ ತಿಳಿಯಿತು. 1984ರಲ್ಲಿ ವೈದ್ಯರು ಪಾರ್ಕಿನ್ಸನ್ ಲಕ್ಷಣಗಳನ್ನು ಗುರುತಿಸಿದರು.

ಹಳಿಯ ಮೇಲೆ ಬಂದ ಆಟ

ಭಾರತಕ್ಕೆ ಕ್ವೀನ್ಸ್‌ಬೆರಿಯ ಬಾಕ್ಸಿಂಗ್ ಬಂದದ್ದು ಗರಡಿಮನೆಯ ದಾರಿಯಲ್ಲಿ ಅಲ್ಲ. ಅದು ಬ್ರಿಟಿಷ್ ಪಲ್ಟಣಗಳೊಡನೆ, ಬಂದರಿಗೆ ಬಂದ ಹಡಗುಗಳೊಡನೆ, ರೈಲ್ವೆ ಕಾಲೊನಿಗಳೊಡನೆ ಬಂತು. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ದೊಡ್ಡ ನಿಲ್ದಾಣವಿದ್ದಲ್ಲೆಲ್ಲ ಒಂದು ಕಾಲೊನಿ ಎದ್ದಿತು. ಎಂಜಿನ್ ಓಡಿಸುವವರು, ಗಾರ್ಡುಗಳು, ವರ್ಕ್‌ಶಾಪಿನ ಮೇಲ್ವಿಚಾರಕರಾಗಿ ಆಂಗ್ಲೋ ಇಂಡಿಯನ್ನರು ಹೆಚ್ಚಿದ್ದರು. ಕಲ್ಯಾಣ, ಇಗತ್‌ಪುರಿ, ಭುಸಾವಳ ಇವೆಲ್ಲ ಅಂಥ ಊರುಗಳು. ಭಾರತದ ಮೊದಲ ಕಾಲದ ಬಾಕ್ಸರುಗಳ ಪಟ್ಟಿ ನೋಡಿದರೆ ಆಂಗ್ಲೋ ಇಂಡಿಯನ್ ಹೆಸರುಗಳೇ ತುಂಬಿರುವುದಕ್ಕೆ ಕಾರಣ ಈ ಪಲ್ಟಣ, ಶಾಲೆ, ಕಾಲೊನಿಗಳ ಜಗತ್ತು. 1928ರಲ್ಲಿ ರೈಲ್ವೆ ತನ್ನ ನೌಕರರ ಆಟೋಟಗಳಿಗೆಂದೇ ಒಂದು ಸಂಘ ಕಟ್ಟಿತು. ಹುಡುಗನೊಬ್ಬ ಚೆನ್ನಾಗಿ ಆಡಿದರೆ ನೌಕರಿ ಸಿಗುತ್ತದೆ ಎಂಬ ನಂಬಿಕೆಗೆ ಅಲ್ಲಿಂದ ಬಲ ಬಂತು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಕಲ್ಯಾಣದ ಬಳಿ ಸಾವಿರಾರು ಸೈನಿಕರಿಗೆ ತಂಗುವ ಶಿಬಿರ ಕಟ್ಟಿದರು. ಬ್ರಿಟಿಷ್ ಸೇನೆಯಲ್ಲಿ ಬಾಕ್ಸಿಂಗ್ ಎಂದರೆ ಮನರಂಜನೆಯೂ ಹೌದು, ತಾಲೀಮೂ ಹೌದು. ಯುದ್ಧ ಮುಗಿದು, ದೇಶ ಒಡೆದಾಗ ಅವೇ ಬ್ಯಾರಕ್‌ಗಳಿಗೆ ಸಿಂಧ್‌ನಿಂದ ಬಂದ ನಿರಾಶ್ರಿತರು ಸೇರಿಕೊಂಡರು. 1949ರಲ್ಲಿ ಅದಕ್ಕೆ ಉಲ್ಲಾಸನಗರ ಎಂದು ಹೆಸರಾಯಿತು.

ಮದರಾಸಿನಲ್ಲಿ ಕತೆ ಬೇರೆ ರೂಪ ತಾಳಿತು. ಅಲ್ಲಿನ ಬಂದರಿನ ಸುತ್ತಲ ಕೇರಿಗಳ ಕೂಲಿಕಾರರು, ಮೀನುಗಾರರು ಬಿಳಿಯರ ಆಟವನ್ನು ತಮ್ಮದಾಗಿಸಿಕೊಂಡು 'ಪರಂಪರೆ'ಗಳನ್ನೇ ಕಟ್ಟಿದರು. ಪಾ. ರಂಜಿತ್ ಅವರ 2021ರ ಚಿತ್ರ 'ಸರ್ಪಟ್ಟ ಪರಂಬರೈ' ನೋಡಿದವರಿಗೆ ಆ ಲೋಕದ ಪರಿಚಯವಿದೆ.

ಸಂಘಟನೆಯ ಕೆಲಸ ಮೊದಲಾದದ್ದು ಮುಂಬಯಿಯಲ್ಲಿ. 1925ರಲ್ಲಿ ಬಾಂಬೆ ಪ್ರೆಸಿಡೆನ್ಸಿ ಅಮೆಚೂರ್ ಬಾಕ್ಸಿಂಗ್ ಫೆಡರೇಷನ್ ಹುಟ್ಟಿತು. 1948ರ ಲಂಡನ್ ಒಲಿಂಪಿಕ್ಸ್‌ಗೆ ಸ್ವತಂತ್ರ ಭಾರತ ಏಳು ಬಾಕ್ಸರುಗಳನ್ನು ಕಳಿಸಿತು: ರಾಬಿನ್ ಭಟ್ಟ, ಬಿನಯ್ ಬೋಸ್, ಬಾಬು ಲಾಲ್, ರಾಬರ್ಟ್ ಕ್ರಾನ್‌ಸ್ಟನ್, ಮ್ಯಾಕ್ ಜೋಕಿಮ್, ಜಾನ್ ನಟ್ಟಾಲ್, ಜೀನ್ ರೇಮಂಡ್. ಬಾಬು ಲಾಲ್ ತಮ್ಮ ಮೊದಲ ಪಂದ್ಯದಲ್ಲಿ ಗೆದ್ದರು. ಎದುರಾಳಿ ಪಾಕಿಸ್ತಾನದ ಅಲನ್ ಮೊಂಟೇರೊ. ಒಂದು ವರ್ಷದ ಹಿಂದೆ ಇಬ್ಬರೂ ಒಂದೇ ದೇಶದವರು.

1949ರಲ್ಲಿ ಅಖಿಲ ಭಾರತ ಸಂಸ್ಥೆ ರೂಪುಗೊಂಡಿತು. 1950ರ ಮಾರ್ಚ್‌ನಲ್ಲಿ ಮೊದಲ ರಾಷ್ಟ್ರೀಯ ಚಾಂಪಿಯನ್‌ಶಿಪ್ ಮುಂಬಯಿಯ ಬ್ರೇಬೋರ್ನ್ ಕ್ರೀಡಾಂಗಣದಲ್ಲಿ ನಡೆಯಿತು. ಥಾಣೆ, ಕಲ್ಯಾಣದಿಂದ ಲೋಕಲ್ ಹಿಡಿದು ಬಂದರೆ ಚರ್ಚ್‌ಗೇಟಿನ ಆ ಅಂಗಳ ನಡೆದು ಹೋಗುವಷ್ಟು ಹತ್ತಿರ. ಕ್ರಿಕೆಟ್ಟಿಗೆ ಹೆಸರಾದ ಅಂಗಳದಲ್ಲಿ ಭಾರತದ ಬಾಕ್ಸಿಂಗ್ ಹುಟ್ಟಿತೆಂಬುದು ಇಂದು ಹೆಚ್ಚಿನವರ ನೆನಪಿನಲ್ಲಿಲ್ಲ. 1961ರಲ್ಲಿ ಅರ್ಜುನ ಪ್ರಶಸ್ತಿ ಆರಂಭವಾದಾಗ ಬಾಕ್ಸಿಂಗಿನಿಂದ ಮೊದಲು ಅದನ್ನು ಪಡೆದವರು ಬಡ್ಡಿ ಡಿ'ಸೋಜಾ.

ಗುದ್ದಿಗೊಂದು ನೌಕರಿ

ಆಂಗ್ಲೋ ಇಂಡಿಯನ್ ಕುಟುಂಬಗಳು ಆಸ್ಟ್ರೇಲಿಯಾ, ಇಂಗ್ಲೆಂಡಿಗೆ ವಲಸೆ ಹೋದಂತೆ ಕಾಲೊನಿಗಳ ಬಾಕ್ಸಿಂಗ್ ಸೊರಗಿತು. ಆ ಜಾಗಕ್ಕೆ ಸೇನೆ ಬಂತು. 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಪದಮ್ ಬಹಾದುರ್ ಮಲ್ಲ ಚಿನ್ನ ಗೆದ್ದರು. 1966 ಮತ್ತು 1970ರಲ್ಲಿ ಬ್ಯಾಂಕಾಕಿನಲ್ಲಿ ಹರಿಯಾಣದ ಹವಾ ಸಿಂಗ್ ಹೆವಿವೇಟ್ ಚಿನ್ನ ಗೆದ್ದರು. ಸೇನೆಯಿಂದ ನಿವೃತ್ತರಾಗಿ ಊರಿಗೆ ಮರಳಿ ಭಿವಾನಿಯಲ್ಲಿ ಹುಡುಗರಿಗೆ ಕಲಿಸತೊಡಗಿದರು. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಬಾಕ್ಸಿಂಗಿನ ಮೊದಲ ಪದಕ ತಂದ ವಿಜೇಂದರ್ ಸಿಂಗ್ ಆ ಊರಿನ ಬೆಳೆ. ತಂದೆ ಹರಿಯಾಣ ರೋಡ್‌ವೇಸ್ ಬಸ್ಸಿನ ಚಾಲಕರು.

ಕನ್ನಡ ನಾಡೂ ಈ ಸಾಲಿನಲ್ಲಿದೆ. ಕೊಡಗಿನ ಚೆನಂಡ ಮನೆತನದ ಸಿ.ಸಿ. ಮಾಚಯ್ಯ 1980ರ ಮಾಸ್ಕೋ ಒಲಿಂಪಿಕ್ಸ್‌ನಲ್ಲಿ ಲೈಟ್ ವೆಲ್ಟರ್‌ವೇಟ್ ವಿಭಾಗದಲ್ಲಿ ಭಾರತವನ್ನು ಪ್ರತಿನಿಧಿಸಿದರು. ಅರ್ಜುನ ಪ್ರಶಸ್ತಿಯೂ ಅವರಿಗೆ ಸಂದಿತು. ಬೆಳಗಾವಿಯ ಮುಕುಂದ ಕಿಲ್ಲೇಕರ್ ಅವರಿಗೆ 1993ರ ಅರ್ಜುನ ಪ್ರಶಸ್ತಿ ಬಂತು. ಕಲ್ಯಾಣದಿಂದ ದಕ್ಷಿಣಕ್ಕೆ ಹೋಗುವ ಹಳಿಯ ಮೇಲೇ ಪುಣೆಯಿದೆ. ಅಲ್ಲಿ 2001ರಲ್ಲಿ ಆರಂಭವಾದ ಆರ್ಮಿ ಸ್ಪೋರ್ಟ್ಸ್ ಇನ್‌ಸ್ಟಿಟ್ಯೂಟ್ ಇಂದು ದೇಶದ ಬಾಕ್ಸರುಗಳ ಮುಖ್ಯ ಗರಡಿಗಳಲ್ಲೊಂದು.

ಭಾರತದ ಬಾಕ್ಸರ್ ಹಣಕ್ಕಾಗಿ ರಿಂಗಿಗೆ ಇಳಿದದ್ದು ಕಡಿಮೆ. ಅವನು ಇಳಿದದ್ದು ನೌಕರಿಗಾಗಿ. ಸೇನೆ, ರೈಲ್ವೆ, ಪೊಲೀಸ್: ಈ ಮೂರು ಬಾಗಿಲು ತೆರೆದರೆ ಮನೆಯ ಒಲೆ ಉರಿಯುತ್ತದೆ. 1998ರ ಏಷ್ಯನ್ ಕ್ರೀಡಾಕೂಟದ ಚಿನ್ನ ಗೆದ್ದ ಮಣಿಪುರದ ಡಿಂಕೊ ಸಿಂಗ್ ನೌಕಾಪಡೆಯವರು. ಅವರನ್ನು ನೋಡಿ ಗವಸು ತೊಟ್ಟ ಮೇರಿ ಕೋಮ್ 2002ರಿಂದ 2018ರ ನಡುವೆ ಆರು ಬಾರಿ ವಿಶ್ವ ಚಾಂಪಿಯನ್ ಆದರು. ಹೆಣ್ಣುಮಕ್ಕಳ ಬಾಕ್ಸಿಂಗ್ ಮೊದಲ ಬಾರಿ ಒಲಿಂಪಿಕ್ಸ್ ಸೇರಿದ 2012ರಲ್ಲಿ ಕಂಚು ತಂದರು, ಮಣಿಪುರ ಪೊಲೀಸ್ ಇಲಾಖೆಯಲ್ಲಿ ಅಧಿಕಾರಿಯಾದರು. ಟೋಕಿಯೊದ ಕಂಚು ಗೆದ್ದ ಲವ್ಲಿನಾ ಬೊರ್ಗೊಹೈನ್ ಅಸ್ಸಾಂ ಪೊಲೀಸ್ ಸೇರಿದರು; ವಿಶ್ವ ಚಾಂಪಿಯನ್ ನಿಖತ್ ಜರೀನ್ ತೆಲಂಗಾಣ ಪೊಲೀಸ್ ಸೇರಿದರು.

ನೌಕರಿಯೂ ಎಲ್ಲರನ್ನೂ ಕೊನೆತನಕ ಕಾಯಲಿಲ್ಲ. 1980ರ ಜನವರಿ 27ರಂದು ದೆಹಲಿಯಲ್ಲಿ ಭಾರತಕ್ಕೆ ಬಂದಿದ್ದ ಮುಹಮ್ಮದ್ ಅಲಿಯೊಡನೆ ಪ್ರದರ್ಶನ ಪಂದ್ಯ ಆಡಿದವರು ಸೇನೆಯ ಕೌರ್ ಸಿಂಗ್. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಹೆವಿವೇಟ್ ಚಿನ್ನ ಗೆದ್ದರು, ಪದ್ಮಶ್ರೀ ಪಡೆದರು. ಮುಪ್ಪಿನಲ್ಲಿ ಪಂಜಾಬಿನ ಸಂಗರೂರು ಜಿಲ್ಲೆಯ ತಮ್ಮ ಹಳ್ಳಿಯಲ್ಲಿ, ಹೃದಯದ ಚಿಕಿತ್ಸೆಗೆ ಸಾಲ ಮಾಡಿ ಕೂತಿದ್ದರು. 2017ರಲ್ಲಿ ಸುದ್ದಿ ಪತ್ರಿಕೆಗಳಲ್ಲಿ ಬಂದ ಮೇಲೆ ನೆರವು ಹರಿಯಿತು. 2023ರ ಏಪ್ರಿಲ್‌ನಲ್ಲಿ ತೀರಿಕೊಂಡರು.

ಸಾಕು ಎನ್ನುವವನು

ಚಾಂಪಿಯನ್ನರ ಹೆಸರು ಎಲ್ಲರಿಗೂ ನೆನಪಿರುತ್ತದೆ. ಬಾಕ್ಸಿಂಗ್ ನೆನಪಿಡಬೇಕಾದ ಇನ್ನೊಂದು ಹೆಸರು ಎಡ್ಡಿ ಫಚ್. 1975ರ ಅಕ್ಟೋಬರ್ 1ರಂದು ಮನಿಲಾದಲ್ಲಿ ಅಲಿ ಮತ್ತು ಜೋ ಫ್ರೇಜರ್ ನಡುವಿನ ಮೂರನೆಯ ಪಂದ್ಯ. ಸುಡುವ ಸೆಕೆಯಲ್ಲಿ 14 ಸುತ್ತು ಮುಗಿದಿತ್ತು. ಫ್ರೇಜರ್‌ನ ಕಣ್ಣುಗಳು ಬಾತು, ಬರುವ ಏಟು ಕಾಣದಂತಾಗಿತ್ತು. ಉಳಿದದ್ದು ಒಂದೇ ಸುತ್ತು. ಫ್ರೇಜರ್ ಹೋಗುತ್ತೇನೆಂದು ಹಟ ಹಿಡಿದ. ಅವನ ತರಬೇತುದಾರ ಫಚ್ ಬೇಡವೆಂದು ಪಂದ್ಯ ನಿಲ್ಲಿಸಿದ. ಆ ಒಂದು ಮಾತಿಗೆ ಫ್ರೇಜರ್ ವಿಶ್ವ ಪಟ್ಟದ ಆಸೆ ಕಳೆದುಕೊಂಡ. ಇನ್ನೂ 36 ವರ್ಷ ಬಾಳಿದ.

1982ರ ನವೆಂಬರ್ 13ರಂದು ಲಾಸ್ ವೇಗಸ್‌ನಲ್ಲಿ ಅಂಥವರು ಸಮಯಕ್ಕೆ ಒದಗಲಿಲ್ಲ. ಕೊರಿಯಾದ ಡುಕ್ ಕೂ ಕಿಮ್, ರೇ ಮನ್ಸೀನಿ ಎದುರು 14ನೇ ಸುತ್ತಿನಲ್ಲಿ ಬಿದ್ದು ಪ್ರಜ್ಞೆ ತಪ್ಪಿದ. ಕೆಲವೇ ದಿನಗಳಲ್ಲಿ ಸತ್ತ. ಅದಾದ ಮೇಲೆ ವಿಶ್ವ ಬಾಕ್ಸಿಂಗ್ ಕೌನ್ಸಿಲ್ ಪಟ್ಟದ ಪಂದ್ಯಗಳನ್ನು 15 ಸುತ್ತಿನಿಂದ 12ಕ್ಕೆ ಇಳಿಸಿತು, ಉಳಿದ ಸಂಸ್ಥೆಗಳೂ ಕ್ರಮೇಣ ಅದನ್ನೇ ಅನುಸರಿಸಿದವು. ಬ್ರೌಟನ್‌ನ ಕಾಲದಂತೆಯೇ ಮೊದಲು ಸಾವು, ಆಮೇಲೆ ನಿಯಮ.

ವಿಜ್ಞಾನ ಎಚ್ಚರಿಸದೆ ಇರಲಿಲ್ಲ. 1928ರಲ್ಲೇ ಅಮೆರಿಕದ ವೈದ್ಯ ಹ್ಯಾರಿಸನ್ ಮಾರ್ಟ್‌ಲಂಡ್, ವರ್ಷಗಟ್ಟಲೆ ತಲೆಗೆ ಏಟು ತಿಂದ ಬಾಕ್ಸರುಗಳು ಕುಡಿದವರಂತೆ ತೊದಲುವುದನ್ನು, ತಡವರಿಸುವುದನ್ನು ದಾಖಲಿಸಿದ್ದ. ಗವಸು ಮುಷ್ಟಿಯ ಎಲುಬನ್ನು ಕಾಪಾಡುತ್ತದೆ, ಚರ್ಮ ಹರಿಯದಂತೆ ನೋಡಿಕೊಳ್ಳುತ್ತದೆ. ತಲೆಬುರುಡೆಯೊಳಗೆ ಮೆದುಳು ಅಲುಗಾಡುವುದನ್ನು ತಡೆಯುವ ಶಕ್ತಿ ಅದಕ್ಕಿಲ್ಲ. ಬರಿಗೈಯಲ್ಲಿ ತಲೆಗೆ ಬಲವಾಗಿ ಗುದ್ದಿದರೆ ಗುದ್ದಿದವನ ಬೆರಳೇ ಮುರಿಯುತ್ತದೆ. ಗವಸು ತೊಟ್ಟವನು ಮತ್ತೆ ಮತ್ತೆ ಗುದ್ದಬಹುದು. ತಲೆಗವಸಿನ ಕತೆಯೂ ಹಾಗೆಯೇ. 1984ರ ಒಲಿಂಪಿಕ್ಸ್‌ನಿಂದ ಅದನ್ನು ಕಡ್ಡಾಯ ಮಾಡಿದರು. 2013ರಲ್ಲಿ ಪುರುಷರ ಮೇಲ್ದರ್ಜೆಯ ಪಂದ್ಯಗಳಿಂದ ತೆಗೆದುಹಾಕಿದರು. ಹಣೆ ಸೀಳುವುದನ್ನು ಅದು ತಪ್ಪಿಸುತ್ತದೆ, ಮೆದುಳಿನ ಪೆಟ್ಟನ್ನು ಎಷ್ಟು ತಪ್ಪಿಸುತ್ತದೆ ಎಂಬುದರ ಬಗ್ಗೆ ವೈದ್ಯರಲ್ಲೇ ಒಮ್ಮತವಿಲ್ಲ.

ಇದು ದೂರದ ಲಾಸ್ ವೇಗಸ್‌ನ ಮಾತು ಮಾತ್ರವಲ್ಲ. 2022ರ ಜುಲೈನಲ್ಲಿ ಬೆಂಗಳೂರಿನಲ್ಲಿ ನಡೆದ ಕಿಕ್‌ಬಾಕ್ಸಿಂಗ್ ಸ್ಪರ್ಧೆಯೊಂದರಲ್ಲಿ ಮೈಸೂರಿನ ಯುವಕನೊಬ್ಬ ಪೆಟ್ಟು ತಿಂದು ಕುಸಿದು, ಆಸ್ಪತ್ರೆಯಲ್ಲಿ ತೀರಿಕೊಂಡ. ಸ್ಥಳದಲ್ಲಿ ತುರ್ತು ಚಿಕಿತ್ಸೆಯ ಏರ್ಪಾಡು ಇರಲಿಲ್ಲವೆಂದು ಮನೆಯವರು ದೂರಿದರು, ಪೊಲೀಸರು ಪ್ರಕರಣ ದಾಖಲಿಸಿದರು. ವಜ್ರಮುಷ್ಟಿಯ ಊರಿನ ಹುಡುಗನಿಗೆ ಸಾಕು ಎನ್ನುವ ಉಸ್ತಾದ ಸಿಗಲಿಲ್ಲ.

ಇಂದು ಥಾಣೆ, ಡೊಂಬಿವಲಿ, ಕಲ್ಯಾಣ, ವಾಶಿಯ ಜಿಮ್‌ಗಳಲ್ಲಿ ಪಂಚಿಂಗ್ ಬ್ಯಾಗು ತೂಗುವುದು ಸಾಮಾನ್ಯ. ಬಾಕ್ಸಿಂಗ್, ಕಿಕ್‌ಬಾಕ್ಸಿಂಗ್, ಮಿಶ್ರ ಸಮರಕಲೆ ಎಂದು ಫಲಕ ಹಾಕಿ ಎಂಟು ಹತ್ತು ವರ್ಷದ ಮಕ್ಕಳನ್ನೂ ಸೇರಿಸಿಕೊಳ್ಳುತ್ತಾರೆ. ಆಫೀಸಿನಿಂದ ಲೋಕಲ್‌ನಲ್ಲಿ ನಜ್ಜುಗುಜ್ಜಾಗಿ ಬಂದವರು ಬ್ಯಾಗಿಗೆ ನಾಲ್ಕು ಗುದ್ದಿ ಹಗುರಾಗುತ್ತಾರೆ. ಬ್ಯಾಗಿಗೆ ಗುದ್ದಿದರೆ ಯಾರ ತಲೆಗೂ ಪೆಟ್ಟಾಗದು. ಮೈಗೆ ಒಳ್ಳೆಯ ವ್ಯಾಯಾಮ. ಮಗು ಅಥವಾ ಹದಿಹರೆಯದವರು ಎದುರಾಳಿಯೊಡನೆ ನಿಲ್ಲುವ ದಿನ ಬಂದಾಗ ತಂದೆತಾಯಿ ಕೇಳಬೇಕಾದ ಪ್ರಶ್ನೆಗಳನ್ನು ಈ ಚರಿತ್ರೆಯೇ ಬರೆದುಕೊಟ್ಟಿದೆ. ಜೋಡಿ ಕಟ್ಟುವ ಮುನ್ನ ತೂಕ, ವಯಸ್ಸು ನೋಡುತ್ತಾರೆಯೇ? ಪಂದ್ಯದ ಜಾಗದಲ್ಲಿ ವೈದ್ಯರಿದ್ದಾರೆಯೇ, ಆಂಬುಲೆನ್ಸ್ ನಿಂತಿದೆಯೇ? ತಲೆಗೆ ಪೆಟ್ಟು ಬಿದ್ದವರನ್ನು ಎಷ್ಟು ದಿನ ರಿಂಗಿನಿಂದ ದೂರ ಇಡುತ್ತಾರೆ? ಇವುಗಳಿಗಿಂತ ಮುಖ್ಯವಾದದ್ದು, ಮೂಲೆಯಲ್ಲಿ ನಿಂತ ತರಬೇತುದಾರ ಪದಕವನ್ನು ನೋಡುತ್ತಿದ್ದಾನೋ ಹುಡುಗನ ಕಣ್ಣನ್ನು ನೋಡುತ್ತಿದ್ದಾನೋ?

ಒಲಿಂಪಿಕ್ಸ್ ಸಮಿತಿ 2023ರಲ್ಲಿ ಹಳೆಯ ಅಂತರರಾಷ್ಟ್ರೀಯ ಬಾಕ್ಸಿಂಗ್ ಸಂಸ್ಥೆಯ ಮಾನ್ಯತೆ ಕಿತ್ತುಕೊಂಡಿತು. 2025ರಲ್ಲಿ 'ವರ್ಲ್ಡ್ ಬಾಕ್ಸಿಂಗ್' ಎಂಬ ಹೊಸ ಸಂಸ್ಥೆಯನ್ನು ಒಪ್ಪಿಕೊಂಡು, 2028ರ ಲಾಸ್ ಏಂಜಲೀಸ್ ಕೂಟದಲ್ಲಿ ಬಾಕ್ಸಿಂಗನ್ನು ಉಳಿಸಿಕೊಂಡಿತು. ಆ ಕೂಟಕ್ಕಾಗಿ ಭಿವಾನಿಯಲ್ಲಿ, ಇಂಫಾಲದಲ್ಲಿ, ಪುಣೆಯಲ್ಲಿ ಹುಡುಗ ಹುಡುಗಿಯರು ಬೆಳಗಿನ ಜಾವ ಎದ್ದು ಓಡುತ್ತಿದ್ದಾರೆ. ಅವರಿಗೆ ಒಳ್ಳೆಯ ಗವಸು ಬೇಕು, ನೌಕರಿ ಬೇಕು, ಮುಪ್ಪಿನಲ್ಲಿ ಔಷಧಿಗೆ ಸಾಲ ಮಾಡದಂಥ ಪಿಂಚಣಿ ಬೇಕು. ಮತ್ತು ರಿಂಗಿನ ಪಕ್ಕದಲ್ಲಿ, ಹತ್ತು ಎಣಿಸುವವರೆಗೆ ಕಾಯದೆ, ಎರಡಕ್ಕೋ ಮೂರಕ್ಕೋ ಕೈಯೆತ್ತಿ ಆಟ ನಿಲ್ಲಿಸುವ ಒಬ್ಬ ಮನುಷ್ಯ ಬೇಕು.